ಓದುಗರ ಪ್ರಶ್ನೆಗಳಿಗೆ ಉತ್ತರ: ಫೈಬರ್ ಜೋಡಣೆಯಲ್ಲಿ ಬೆಳಕು ಎಲ್ಲಿ ಸೋರುತ್ತದೆ?

ಮನೆಯ ಇಂಟರ್ನೆಟ್ ತಾಮ್ರದ ತಂತಿಯನ್ನು ಬಿಟ್ಟು ಗಾಜಿನ ಎಳೆಯ ಮೇಲೆ ಬರತೊಡಗಿದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ಸ್ವರೂಪವೂ ಬದಲಾಗಿದೆ. ಹಿಂದೆ ವೈಫೈ ಸಿಗ್ನಲ್ ಬಗ್ಗೆ ಕೇಳುತ್ತಿದ್ದವರು ಈಗ ಹಸಿರು ತುದಿ, ನೀಲಿ ತುದಿ, ಕಪ್ಲರ್ ಎಂದು ಬರೆಯುತ್ತಿದ್ದಾರೆ. ಈ ಬಾರಿ ಫೈಬರ್ ಜೋಡಣೆಗೆ ಸಂಬಂಧಿಸಿದ ಪ್ರಶ್ನೆಗಳನ್ನಷ್ಟೇ ಆರಿಸಿಕೊಂಡು, ದೀರ್ಘ ಪತ್ರಗಳನ್ನು ಸಂಕ್ಷೇಪಿಸಿ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಮೋಡೆಮ್ ಹಜಾರದಲ್ಲಿತ್ತು. ಅದನ್ನು ಓದುವ ಕೋಣೆಗೆ ಸ್ಥಳಾಂತರಿಸಲು 15 ಮೀಟರ್ ಉದ್ದದ ಪ್ಯಾಚ್ ಕಾರ್ಡ್ ಒಂದನ್ನೂ ಒಂದು ಅಡಾಪ್ಟರ್ ಅನ್ನೂ ಅಂಗಡಿಯಿಂದ ತಂದು ನಾನೇ ಜೋಡಿಸಿದೆ. ಹಳೆಯ ಕೇಬಲ್ಲಿನ ತುದಿ ಹಸಿರು, ತಂದದ್ದರ ಎರಡೂ ತುದಿಗಳು ನೀಲಿ. ಎಲ್ಲವೂ ಸಲೀಸಾಗಿಯೇ ಕೂತವು. ಆದರೆ ಮೋಡೆಮ್ಮಿನ ಪುಟದಲ್ಲಿ ಒಳಬರುವ ಬೆಳಕಿನ ಬಲ ಮೈನಸ್ 19 ಎಂದು ತೋರಿಸುತ್ತಿದ್ದ ಅಂಕಿ ಮೈನಸ್ 28ಕ್ಕೆ ಇಳಿದು, ಕೆಂಪು ದೀಪ ಆಗಾಗ ಮಿನುಗುತ್ತಿದೆ. ಅಡಾಪ್ಟರ್ ಕಳಪೆಯೇ? (ಓದುಗರು, ಬೆಂಗಳೂರು)

ಉತ್ತರ: ಅಡಾಪ್ಟರ್ ಬಹುಶಃ ನಿರಪರಾಧಿ, ತಪ್ಪು ಇರುವುದು ಬಣ್ಣದಲ್ಲಿ. ಮನೆಗಳಿಗೆ ಬರುವ ಸಿಂಗಲ್ ಮೋಡ್ ಫೈಬರಿನಲ್ಲಿ ಬೆಳಕು ಸಾಗುವ ಕೋರ್ ಕೇವಲ 9 ಮೈಕ್ರಾನ್‌ನಷ್ಟು, ಅಂದರೆ ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ ದಪ್ಪವಿರುತ್ತದೆ. ಅದರ ಸುತ್ತಲಿನ ಗಾಜನ್ನೂ ಸೇರಿಸಿದರೆ 125 ಮೈಕ್ರಾನ್. ಈ ಎಳೆಯನ್ನು ಎಸ್‌ಸಿ ಎಂಬ ಚೌಕಾಕಾರದ ಕನೆಕ್ಟರಿನಲ್ಲಿ 2.5 ಮಿಲಿಮೀಟರ್ ವ್ಯಾಸದ ಪಿಂಗಾಣಿ ಕಡ್ಡಿಯ ನಡುವೆ ಕೂರಿಸಿರುತ್ತಾರೆ. ಆ ಕಡ್ಡಿಗೆ ಫೆರೂಲ್ ಎನ್ನುತ್ತಾರೆ. ಅಡಾಪ್ಟರ್ ಒಳಗೆ ಯಾವ ಲೆನ್ಸೂ ಇಲ್ಲ, ವಿದ್ಯುತ್ತೂ ಇಲ್ಲ. ಉದ್ದಕ್ಕೆ ಸೀಳಿದ ಒಂದು ಪುಟ್ಟ ಪಿಂಗಾಣಿ ಕೊಳವೆ ಮಾತ್ರ ಇರುತ್ತದೆ. ಎರಡೂ ಕಡೆಯಿಂದ ಬರುವ ಫೆರೂಲ್‌ಗಳನ್ನು ಬಿಗಿಯಾಗಿ ಹಿಡಿದು, ಒಂದರ ಕೋರ್ ಇನ್ನೊಂದರ ಕೋರಿಗೆ ಎದುರಾಗಿ ನಿಲ್ಲುವಂತೆ ಮಾಡುವುದಷ್ಟೇ ಅದರ ಕೆಲಸ.

ಆ ಎರಡು ತುದಿಗಳು ಮುಟ್ಟಿಕೊಳ್ಳಬೇಕಾದರೆ ಅವುಗಳ ಮುಖಗಳು ಒಂದೇ ಬಗೆಯವಾಗಿರಬೇಕು. ನೀಲಿ ತುದಿ ಯುಪಿಸಿ. ಅದರ ಮುಖ ತೀರಾ ಸ್ವಲ್ಪ ಉಬ್ಬಿದ್ದು ನೇರವಾಗಿರುತ್ತದೆ. ಹಸಿರು ತುದಿ ಎಪಿಸಿ. ಅದರ ಮುಖವನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ. ಜೋಡಣೆಯಲ್ಲಿ ಹಿಂದಕ್ಕೆ ಪುಟಿಯುವ ಬೆಳಕು ಬಂದ ದಾರಿಯಲ್ಲೇ ಮರಳದೆ ಕೋರಿನಿಂದ ಹೊರಗೆ ಚೆಲ್ಲಿಹೋಗಲಿ ಎಂಬುದು ಆ ಓರೆಯ ಉದ್ದೇಶ. ಓರೆ ಮುಖಕ್ಕೆ ನೇರ ಮುಖವನ್ನು ಎದುರಿಟ್ಟರೆ ಅವು ಅಂಚಿನಲ್ಲಿ ಮಾತ್ರ ತಾಗಿ, ಕೋರುಗಳ ನಡುವೆ ಗಾಳಿಯ ಸಂದು ಉಳಿಯುತ್ತದೆ. ಗಾಜು ಮತ್ತು ಗಾಳಿ ಸಂಧಿಸುವ ಪ್ರತಿ ಮೇಲ್ಮೈಯಲ್ಲೂ ಶೇಕಡ 4ರಷ್ಟು ಬೆಳಕು ಹಿಂದಕ್ಕೆ ಹೋಗುತ್ತದೆ. ಮುಂದಕ್ಕೆ ಹೋದದ್ದೂ ಓರೆಯಾಗಿ ಹೊರಟು ಬಹುಪಾಲು ಕೋರನ್ನು ತಪ್ಪಿಸಿಕೊಳ್ಳುತ್ತದೆ. ನಿಮ್ಮ ಮೋಡೆಮ್ಮಿನ ಕಿಂಡಿಯೂ ಹಸಿರಾಗಿದ್ದರೆ ಈ ಅನಾಹುತ ಎರಡು ಕಡೆ ನಡೆದಿದೆ. ಎಸ್‌ಸಿ ಮಾದರಿಯಲ್ಲಿ ಹಸಿರು ಅಡಾಪ್ಟರಿಗೂ ನೀಲಿ ಅಡಾಪ್ಟರಿಗೂ ಆಕಾರದಲ್ಲಿ ವ್ಯತ್ಯಾಸವಿಲ್ಲದ ಕಾರಣ ತಪ್ಪು ಜೋಡಣೆಯನ್ನು ತಡೆಯುವ ಯಾವ ಅಡ್ಡಿಯೂ ಅಲ್ಲಿಲ್ಲ. ಸಲೀಸಾಗಿ ಕೂತಿತು ಎಂಬುದು ಸರಿಯಾಗಿ ಕೂತಿತು ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ.

ಎರಡೂ ತುದಿ ಹಸಿರಾಗಿರುವ ಎಸ್‌ಸಿ/ಎಪಿಸಿ ಪ್ಯಾಚ್ ಕಾರ್ಡ್ ತನ್ನಿ. ಸರಿಯಾದ, ಸ್ವಚ್ಛವಾದ ಜೋಡಣೆಯಲ್ಲಿ ಹೋಗುವುದು 0.2ರಿಂದ 0.5 ಡೆಸಿಬೆಲ್ (ಬೆಳಕಿನ ನಷ್ಟದ ಅಳತೆ) ಮಾತ್ರ. ತಪ್ಪು ಜೋಡಣೆಯ ಒತ್ತಡದಿಂದ ನಿಮ್ಮ ಹಳೆಯ ಹಸಿರು ತುದಿಯ ಮುಖಕ್ಕೆ ಗೀರು ಬಿದ್ದಿರುವ ಸಾಧ್ಯತೆಯೂ ಇದೆ. ಹೊಸ ಕಾರ್ಡ್ ಹಾಕಿದ ಮೇಲೂ ಅಂಕಿ ಮೈನಸ್ 20ರ ಆಸುಪಾಸಿಗೆ ಮರಳದಿದ್ದರೆ ಆ ತುದಿಯನ್ನು ಬದಲಿಸಬೇಕಾಗುತ್ತದೆ. ಕೇಬಲ್ಲನ್ನು ಬಾಗಿಲ ಚೌಕಟ್ಟಿನ ಮೂಲೆಯಲ್ಲಿ ಚೂಪಾಗಿ ಮಡಚಬೇಡಿ. ಜಿ.657.ಎ2 ಎಂದು ಮುದ್ರಿಸಿರುವ ಕೇಬಲ್ಲಿನ ಎಳೆ 7.5 ಮಿಲಿಮೀಟರ್ ತ್ರಿಜ್ಯದ ತಿರುವನ್ನು ತಾಳಿಕೊಳ್ಳುತ್ತದೆ, ಹಳೆಯ ಜಿ.652 ಎಳೆಗೆ 30 ಮಿಲಿಮೀಟರ್ ಬೇಕು.

ಪ್ರಶ್ನೆ: ಕಪ್ಲರ್ ಕೇಳಿದರೆ ಅಂಗಡಿಯವರು ಒಮ್ಮೆ ಚಿಕ್ಕ ಪ್ಲಾಸ್ಟಿಕ್ ಚೌಕವನ್ನು, ಇನ್ನೊಮ್ಮೆ ಮೂರು ವೈರುಗಳಿರುವ ಕೊಳವೆಯನ್ನು ಕೊಡುತ್ತಾರೆ. ಯಾವುದು ಸರಿ? (ಓದುಗರು, ಹಾಸನ)

ಉತ್ತರ: ಎರಡನ್ನೂ ಅದೇ ಹೆಸರಿನಿಂದ ಮಾರುವುದು ರೂಢಿಯಾಗಿಬಿಟ್ಟಿದೆ. ಎರಡು ಕನೆಕ್ಟರ್‌ಗಳನ್ನು ಎದುರುಬದುರು ಕೂಡಿಸುವ ಚೌಕ ಬೇಕಿದ್ದರೆ ಎಸ್‌ಸಿ ಅಡಾಪ್ಟರ್ ಎಂದು ಕೇಳಿ, ಹಸಿರೋ ನೀಲಿಯೋ ಎಂಬುದನ್ನೂ ಹೇಳಿ. ಒಂದು ಎಳೆಯ ಬೆಳಕನ್ನು ಎರಡಾಗಿ ಹಂಚುವ ಕೊಳವೆ ಬೇಕಿದ್ದರೆ ಪ್ರಮಾಣವನ್ನು ಸೇರಿಸಿ 10:90 ಕಪ್ಲರ್ ಅಥವಾ 50:50 ಕಪ್ಲರ್ ಎಂದು ಕೇಳಿ. ಪ್ರಮಾಣ ಹೇಳಿದ ಮೇಲೆ ಗೊಂದಲಕ್ಕೆ ಎಡೆಯಿರುವುದಿಲ್ಲ.

ಪ್ರಶ್ನೆ: ನಾನು ಮಲೆನಾಡಿನಲ್ಲಿ ಸಣ್ಣ ಪ್ರಮಾಣದ ಕೇಬಲ್ ಮತ್ತು ಇಂಟರ್ನೆಟ್ ಸೇವೆ ನಡೆಸುತ್ತೇನೆ. 10 ಕಿಲೋಮೀಟರ್ ರಸ್ತೆಯ ಉದ್ದಕ್ಕೂ ಸುಮಾರು 2 ಕಿಲೋಮೀಟರಿಗೊಂದರಂತೆ ಐದು ಕೇರಿಗಳಿವೆ. ಪ್ರತಿ ಕೇರಿಯಲ್ಲಿ ಏಳೆಂಟು ಮನೆ. ಕೈಯಲ್ಲಿರುವುದು ಒಂದೇ ಎಳೆ, ಓಎಲ್‌ಟಿಯಲ್ಲಿ ಒಂದೇ ಜಿಪಾನ್ ಪೋರ್ಟ್ (ಓಎಲ್‌ಟಿ ಎಂದರೆ ಸೇವಾದಾರರ ಕಡೆಯ ಯಂತ್ರ, ಜಿಪಾನ್ ಎಂದರೆ ಒಂದೇ ಎಳೆಯನ್ನು ಹಲವು ಮನೆಗಳಿಗೆ ಹಂಚುವ ವ್ಯವಸ್ಥೆ). ಮೊದಲ ನಾಲ್ಕು ಕೇರಿಗಳ ಬಳಿ ತಲಾ ಒಂದು 50:50 ಕಪ್ಲರ್ ಹಾಕಿ, ಅದರ ಒಂದು ಕವಲಿಗೆ 1:8 ಸ್ಪ್ಲಿಟರ್ (ಬೆಳಕನ್ನು ಎಂಟು ಸಮಪಾಲಾಗಿ ಹಂಚುವ ಸಾಧನ) ಕೊಟ್ಟಿದ್ದೇನೆ; ಕೊನೆಯಲ್ಲಿ ಉಳಿದ ಕವಲು ಐದನೇ ಕೇರಿಯ 1:8 ಸ್ಪ್ಲಿಟರಿಗೆ ಹೋಗುತ್ತದೆ. ಮೊದಲ ನಾಲ್ಕು ಕೇರಿಗಳಲ್ಲಿ ತೊಂದರೆಯಿಲ್ಲ. ಕೊನೆಯ ಕೇರಿಯಲ್ಲಿ ಪವರ್ ಮೀಟರ್ ಮೈನಸ್ 26 ತೋರಿಸುತ್ತದೆ, ಆದರೂ ಮನೆಯ ಮೋಡೆಮ್ ಆದ ಓಎನ್‌ಯು ಒಮ್ಮೆ ಹತ್ತಿ ಒಮ್ಮೆ ಬಿಟ್ಟುಹೋಗುತ್ತದೆ. ಬೆಳಕು ಬರುತ್ತಿದ್ದರೂ ಹೀಗೇಕೆ? (ಓದುಗರು, ಸಾಗರ ತಾಲ್ಲೂಕು)

ಉತ್ತರ: ನಿಮ್ಮ ಪತ್ರದಲ್ಲಿ ಅಂಕಿಗಳಿರುವುದರಿಂದ ಉತ್ತರವನ್ನೂ ಅಂಕಿಗಳಲ್ಲೇ ಕೊಡಬಹುದು. ಕಾಲುವೆಯ ಮೇಲ್ಭಾಗದವರು ಅರ್ಧ ನೀರನ್ನು ತಿರುಗಿಸಿಕೊಂಡರೆ ಕೊನೆಯ ಗದ್ದೆಗೆ ಏನು ಉಳಿಯುತ್ತದೆಯೋ, ನಿಮ್ಮ ಎಳೆಯಲ್ಲೂ ಅದೇ ಆಗಿದೆ. 3 ಡೆಸಿಬೆಲ್ ನಷ್ಟವೆಂದರೆ ಬೆಳಕು ಅರ್ಧವಾಯಿತು, 10 ಡೆಸಿಬೆಲ್ ಎಂದರೆ ಹತ್ತನೇ ಒಂದು ಭಾಗ ಉಳಿಯಿತು ಎಂದು ಅರ್ಥ. ಹಂಚಿಕೆಯ ಪಾಲನ್ನು ಗುಣಿಸುವ ಬದಲು ನಷ್ಟವನ್ನು ಕೂಡುತ್ತ ಹೋಗಬಹುದು ಎಂಬುದೇ ಡೆಸಿಬೆಲ್ಲಿನ ಅನುಕೂಲ.

ಜಿಪಾನ್‌ನ ಬಿ ಪ್ಲಸ್ ವರ್ಗದಲ್ಲಿ ಓಎಲ್‌ಟಿಯಿಂದ ಓಎನ್‌ಯು ತನಕ ತಾಳಿಕೊಳ್ಳಬಹುದಾದ ಒಟ್ಟು ನಷ್ಟ 28 ಡೆಸಿಬೆಲ್. ಕೆಳಮುಖವಾಗಿ 1490 ನ್ಯಾನೋಮೀಟರ್ ಬೆಳಕು ಬರುತ್ತದೆ, ಮೇಲ್ಮುಖವಾಗಿ 1310 ನ್ಯಾನೋಮೀಟರ್ ಹೋಗುತ್ತದೆ. ಮೇಲ್ಮುಖದ ಬೆಳಕು ಎಳೆಯಲ್ಲಿ ಹೆಚ್ಚು ಕ್ಷೀಣಿಸುವುದರಿಂದ ಲೆಕ್ಕವನ್ನು ಅದಕ್ಕೇ ಹಾಕಬೇಕು: ಕಿಲೋಮೀಟರಿಗೆ 0.35 ಡೆಸಿಬೆಲ್. 50:50 ಕಪ್ಲರ್ ಸಿದ್ಧಾಂತದ ಪ್ರಕಾರ 3 ಡೆಸಿಬೆಲ್ ಕಳೆದರೂ ವಾಸ್ತವದಲ್ಲಿ 3.6ರಷ್ಟು ಕಳೆಯುತ್ತದೆ. 1:8 ಸ್ಪ್ಲಿಟರ್‌ಗೆ 9 ಅಲ್ಲ, 10.5 ಎಂದು ಹಿಡಿಯಿರಿ. ಕನೆಕ್ಟರ್‌ಗಳಿಗೂ ಎಳೆಗಳನ್ನು ಕರಗಿಸಿ ಬೆಸೆದ ಸ್ಪ್ಲೈಸಿಂಗ್ ಜಾಯಿಂಟುಗಳಿಗೂ ಒಟ್ಟಾಗಿ 1.5 ಇಡೋಣ. ಈಗ ಕೊನೆಯ ಕೇರಿಗೆ 10 ಕಿಲೋಮೀಟರಿನ 3.5, ನಾಲ್ಕು ಕಪ್ಲರ್‌ಗಳ 14.4, ಸ್ಪ್ಲಿಟರಿನ 10.5, ಜಾಯಿಂಟುಗಳ 1.5 ಸೇರಿ 29.9 ಡೆಸಿಬೆಲ್ ಆಯಿತು. ಮಿತಿ ಮೀರಿದೆ.

ಹಾಗಿದ್ದರೂ ಮೀಟರಿನಲ್ಲಿ ಬೆಳಕು ಕಾಣುವುದೇಕೆಂದರೆ, ನಿಮ್ಮ ಓಎಲ್‌ಟಿ ಪೋರ್ಟ್ ಪ್ರಾಯಶಃ ಪ್ಲಸ್ 4 ಡಿಬಿಎಂ (ಒಂದು ಮಿಲಿವಾಟಿಗೆ ಹೋಲಿಸಿ ಡೆಸಿಬೆಲ್ಲಿನಲ್ಲಿ ಹೇಳುವ ಬೆಳಕಿನ ಬಲ) ಆಸುಪಾಸಿನಲ್ಲಿ ಬೆಳಕು ಹೊರಡಿಸುತ್ತಿದೆ, ಅದರಿಂದ 29.9 ಕಳೆದರೆ ಮೈನಸ್ 25.9, ಅಂದರೆ ನೀವು ಅಳೆದ ಅಂಕಿಯೇ ಸಿಗುತ್ತದೆ. ಓಎನ್‌ಯು ಮೈನಸ್ 27ರವರೆಗೆ ಕೇಳಿಸಿಕೊಳ್ಳಬಲ್ಲದು, ಹಾಗಾಗಿ ಓಎಲ್‌ಟಿಯ ಮಾತು ಅದಕ್ಕೆ ತಲುಪುತ್ತಿದೆ. ಆದರೆ ಮರುಮಾತಿನ ಸ್ಥಿತಿ ಬೇರೆ. ಓಎನ್‌ಯುವಿನ ಲೇಸರ್ ಪ್ಲಸ್ 0.5 ಡಿಬಿಎಂ ಕೊಟ್ಟರೂ ಮಾನಕದ ಪ್ರಕಾರ ಸಾಕು. ಅಂಥ ಓಎನ್‌ಯು ನಿಮ್ಮ ಕೊನೆಯ ಕೇರಿಯಲ್ಲಿದ್ದರೆ ಅದರ ಬೆಳಕು ಓಎಲ್‌ಟಿ ಮುಟ್ಟುವಾಗ ಮೈನಸ್ 29.4 ಆಗಿರುತ್ತದೆ. ಓಎಲ್‌ಟಿಯ ಗ್ರಹಣಶಕ್ತಿ ಮೈನಸ್ 28ಕ್ಕೇ ಮುಗಿಯುತ್ತದೆ. ಮನೆಯಲ್ಲಿ ನಿಂತು ಹಿಡಿದ ಮೀಟರ್ ಕೆಳಮುಖದ ಬೆಳಕನ್ನಷ್ಟೇ ತೋರಿಸುತ್ತದೆ. ಅದನ್ನು ಮಾತ್ರ ನಂಬಿ ಓಎನ್‌ಯು ಕೆಟ್ಟಿದೆ ಎಂದು ಬದಲಿಸುತ್ತ ಹೋದರೆ ಹಣ ವ್ಯರ್ಥವಾಗುತ್ತದೆ.

ಪರಿಹಾರ ಸುಲಭ. ಹತ್ತಿರದ ಕೇರಿಗಳಿಗೆ ಅರ್ಧ ಪಾಲು ಬೇಕಾಗಿಯೇ ಇಲ್ಲ. ಮೊದಲ ಎರಡು ಕಡೆ 10:90, ಮೂರನೆಯ ಕಡೆ 20:80, ನಾಲ್ಕನೆಯ ಕಡೆ 30:70 ಕಪ್ಲರ್ ಹಾಕಿ, ಚಿಕ್ಕ ಪಾಲನ್ನು ಕೇರಿಗೂ ದೊಡ್ಡ ಪಾಲನ್ನು ಮುಂದಿನ ದಾರಿಗೂ ಕೊಡಿ. 10ರ ಕವಲಿನಲ್ಲಿ ಸುಮಾರು 10.7, 90ರ ಕವಲಿನಲ್ಲಿ 0.7, 20ರಲ್ಲಿ 7.6, 80ರಲ್ಲಿ 1.3, 30ರಲ್ಲಿ 5.8, 70ರಲ್ಲಿ 1.9 ಡೆಸಿಬೆಲ್ ನಷ್ಟವೆಂದು ಹಿಡಿದರೆ, ಸ್ಪ್ಲಿಟರ್ ಮತ್ತು ಜಾಯಿಂಟುಗಳನ್ನೂ ಸೇರಿಸಿ ಐದು ಕೇರಿಗಳಿಗೆ ಕ್ರಮವಾಗಿ 23.4, 24.8, 23.1, 23.3 ಮತ್ತು 20.1 ಡೆಸಿಬೆಲ್ ಬರುತ್ತದೆ. ಎಲ್ಲವೂ 28ರ ಒಳಗಿವೆ, 3 ಡೆಸಿಬೆಲ್ ಮೀಸಲೂ ಉಳಿಯಿತು. ಆ ಮೀಸಲು ಅನಗತ್ಯವೆಂದು ಭಾವಿಸಬೇಡಿ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾದಾಗಲೆಲ್ಲ ಹೊಸ ಜಾಯಿಂಟುಗಳು ಸೇರುತ್ತವೆ, ಅವು ಅದರಿಂದಲೇ ಕಳೆಯಬೇಕು. ಕೊನೆಯ ಕೇರಿಗೆ ಅತಿ ಕಡಿಮೆ ನಷ್ಟ ಬಂದಿರುವುದನ್ನು ಗಮನಿಸಿ: ಅಲ್ಲಿ ಮನೆಗಳು ಹೆಚ್ಚಾದರೆ 1:8 ತೆಗೆದು 1:16 ಹಾಕಲು ಸ್ಥಳವಿದೆ.

ಕಪ್ಲರ್ ಕೊಳ್ಳುವಾಗ ಒಂದು ಎಚ್ಚರಿಕೆ. ಎಫ್‌ಬಿಟಿ ಎನ್ನುವ ಈ ಕಪ್ಲರನ್ನು ಎರಡು ಎಳೆಗಳನ್ನು ಒತ್ತಟ್ಟಿಗೆ ಕಾಯಿಸಿ ಎಳೆದು ಮಾಡುತ್ತಾರೆ, ಹಾಗಾಗಿ ಅದರ ಹಂಚಿಕೆಯ ಪ್ರಮಾಣ ಬೆಳಕಿನ ತರಂಗಾಂತರವನ್ನು ಅವಲಂಬಿಸಿರುತ್ತದೆ. ಕೇಬಲ್ ಟಿವಿಗೆಂದು 1550 ನ್ಯಾನೋಮೀಟರಿಗೆ ಮಾತ್ರ ಹೊಂದಿಸಿದ ಹಳೆಯ ಕಪ್ಲರ್ ನಿಮ್ಮ ಪೆಟ್ಟಿಗೆಯಲ್ಲಿದ್ದರೆ, ಅದು 1310ರಲ್ಲಿ 10:90 ಆಗಿ ಉಳಿಯುವುದಿಲ್ಲ. 1310, 1490, 1550 ಮೂರಕ್ಕೂ ಹೊಂದುತ್ತದೆ ಎಂದು ಮುದ್ರಿಸಿರುವುದನ್ನೇ ಕೊಳ್ಳಿ. ಸಿಲಿಕಾ ಬಿಲ್ಲೆಯ ಮೇಲೆ ದಾರಿಗಳನ್ನು ಮೂಡಿಸಿ ಮಾಡುವ ಪಿಎಲ್‌ಸಿ ಸ್ಪ್ಲಿಟರಿಗೆ ಈ ತೊಡಕಿಲ್ಲ; ಅದು 1260ರಿಂದ 1650 ನ್ಯಾನೋಮೀಟರ್ ತನಕ ಹೆಚ್ಚುಕಡಿಮೆ ಸಮನಾಗಿ ಹಂಚುತ್ತದೆ.

ಮುಂದೆಂದಾದರೂ ಹೆಚ್ಚು ಎಳೆಗಳ ಕೇಬಲ್ ಎಳೆಯುವ ಸಂದರ್ಭ ಬಂದರೆ, ಪ್ರತಿ ಕೇರಿಗೆ ಒಂದೊಂದು ಎಳೆ ಮೀಸಲಿಟ್ಟು ಹಂಚಿಕೆಯನ್ನು ಒಂದೇ ಕಡೆ ಮಾಡುವುದು ನನ್ನ ಆಯ್ಕೆ. ಸಾಲು ಕಪ್ಲರ್‌ಗಳ ಜಾಲದಲ್ಲಿ ಯಾವ ಕೇರಿಯ ದೋಷ ಎಲ್ಲಿದೆ ಎಂದು ಹುಡುಕುವುದು ಬಲು ತಾಪತ್ರಯದ ಕೆಲಸ.

ಪ್ರಶ್ನೆ: ನಮ್ಮದು ಎರಡು ಅಂತಸ್ತಿನ ಮನೆ. ಬರುವ ಫೈಬರಿಗೆ 1:2 ಸ್ಪ್ಲಿಟರ್ ಹಾಕಿ ಮೇಲೊಂದು, ಕೆಳಗೊಂದು ಮೋಡೆಮ್ ಇಟ್ಟರೆ ಎರಡೂ ಕೆಲಸ ಮಾಡುವುದಿಲ್ಲವೇ? (ಓದುಗರು, ದಾವಣಗೆರೆ)

ಉತ್ತರ: ಇಲ್ಲ. ಜಿಪಾನ್ ಜಾಲದಲ್ಲಿ ಪ್ರತಿ ಮೋಡೆಮ್ಮಿನ ಸರಣಿ ಸಂಖ್ಯೆಯನ್ನು ಸೇವಾದಾರರು ಓಎಲ್‌ಟಿಯಲ್ಲಿ ನೋಂದಾಯಿಸಿರುತ್ತಾರೆ, ಮತ್ತು ಯಾವ ಮೋಡೆಮ್ ಯಾವ ಕ್ಷಣದಲ್ಲಿ ಬೆಳಕು ಕಳಿಸಬೇಕೆಂಬ ಸರದಿಯನ್ನು ಓಎಲ್‌ಟಿಯೇ ನಿಗದಿ ಮಾಡುತ್ತದೆ. ನೋಂದಣಿಯಿಲ್ಲದ ಎರಡನೇ ಮೋಡೆಮ್ಮಿಗೆ ಸರದಿ ಸಿಗುವುದಿಲ್ಲ. ಅದು ಹದ ತಪ್ಪಿ ಸರದಿಯಿಲ್ಲದೆ ಬೆಳಕು ಬಿಟ್ಟರೆ ಅದೇ ಎಳೆಯಲ್ಲಿರುವ ಅಕ್ಕಪಕ್ಕದ ಮನೆಗಳ ಸಂಪರ್ಕವೂ ಹಾಳಾಗುತ್ತದೆ. ಸ್ಪ್ಲಿಟರ್ ನುಂಗುವ ಮೂರೂವರೆ ಡೆಸಿಬೆಲ್ ನಷ್ಟ ಬೇರೆ. ಮೋಡೆಮ್ಮಿನ ಲ್ಯಾನ್ ಪೋರ್ಟಿನಿಂದ ಮಹಡಿಗೆ ಒಂದು ಕ್ಯಾಟ್ 6 ಕೇಬಲ್ ಎಳೆದು ಅಲ್ಲೊಂದು ವೈಫೈ ರೂಟರ್ ಇಡಿ. 100 ಮೀಟರ್ ತನಕ ಅದಕ್ಕೆ ಯಾವ ಅಡ್ಡಿಯೂ ಇಲ್ಲ.

ಪ್ರಶ್ನೆ: ನಮ್ಮ ಕಾಲೇಜಿನ ಎರಡು ಕಟ್ಟಡಗಳ ನಡುವೆ ಹಿಂದೆಂದೋ ಹಾಕಿದ ಕಿತ್ತಳೆ ಬಣ್ಣದ 62.5/125 ಫೈಬರ್ ಇದೆ. ಈಗ ಮೂರನೇ ಕಟ್ಟಡಕ್ಕೆ ಹಳದಿ ಬಣ್ಣದ ಸಿಂಗಲ್ ಮೋಡ್ ಹಾಕಿದ್ದಾರೆ. ಎರಡನ್ನೂ ಅಡಾಪ್ಟರ್ ಮೂಲಕ ಜೋಡಿಸಿದರೆ ಒಂದು ದಿಕ್ಕಿನಲ್ಲಿ ಮಾತ್ರ ಬೆಳಕು ಹೋಗುತ್ತದೆ ಎನ್ನುತ್ತಾರೆ. ಇದು ನಿಜವೇ? (ಓದುಗರು, ಧಾರವಾಡ)

ಉತ್ತರ: ಬಹುಮಟ್ಟಿಗೆ ನಿಜ. ಎರಡರ ಹೊರ ವ್ಯಾಸವೂ 125 ಮೈಕ್ರಾನ್ ಆಗಿರುವುದರಿಂದ ಕನೆಕ್ಟರ್‌ಗಳೂ ಅಡಾಪ್ಟರೂ ಯಾವ ತಕರಾರೂ ಇಲ್ಲದೆ ಕೂತುಬಿಡುತ್ತವೆ. ಆದರೆ ನಿಮ್ಮ ಕಿತ್ತಳೆ ಕೇಬಲ್ಲಿನ ಕೋರ್ 62.5 ಮೈಕ್ರಾನ್, ಹಳದಿಯದು 9. ವಿಸ್ತೀರ್ಣದಲ್ಲಿ ಮೊದಲನೆಯದು ಸುಮಾರು 48 ಪಟ್ಟು ದೊಡ್ಡದು. ಚಿಕ್ಕದರಿಂದ ದೊಡ್ಡದಕ್ಕೆ ಬೆಳಕು ಹೆಚ್ಚು ನಷ್ಟವಿಲ್ಲದೆ ಇಳಿಯುತ್ತದೆ. ದೊಡ್ಡದರಿಂದ ಚಿಕ್ಕದಕ್ಕೆ ಬರುವಾಗ ವಿಸ್ತೀರ್ಣದ ಲೆಕ್ಕವೊಂದರಿಂದಲೇ 17 ಡೆಸಿಬೆಲ್‌ನಷ್ಟು ಚೆಲ್ಲಿಹೋಗುತ್ತದೆ. ಇದನ್ನು ಸರಿಪಡಿಸುವ ಅಡಾಪ್ಟರ್ ಯಾವುದೂ ಇಲ್ಲ. ಎರಡು ಕೇಬಲ್ಲುಗಳು ಸಂಧಿಸುವ ಕಟ್ಟಡದಲ್ಲಿ ಒಂದು ಸ್ವಿಚ್ ಇಟ್ಟು, ಒಂದು ಪೋರ್ಟಿಗೆ ಕಿತ್ತಳೆ ಕೇಬಲ್ಲಿಗೆ ಹೊಂದುವ ಮಲ್ಟಿಮೋಡ್ ಮಾಡ್ಯೂಲನ್ನೂ ಇನ್ನೊಂದಕ್ಕೆ ಸಿಂಗಲ್ ಮೋಡ್ ಮಾಡ್ಯೂಲನ್ನೂ ಹಾಕಿ. ಹಾಗಿದ್ದರೂ ಸಾಮಾನ್ಯ ಮಲ್ಟಿಮೋಡ್ ಮಾಡ್ಯೂಲಿನೊಂದಿಗೆ ಕಿತ್ತಳೆ ಕೇಬಲ್ ಸೆಕೆಂಡಿಗೆ 1 ಗಿಗಾಬಿಟ್ ವೇಗವನ್ನು ಹೆಚ್ಚೆಂದರೆ 275 ಮೀಟರ್ ಒಯ್ಯುತ್ತದೆ, 10 ಗಿಗಾಬಿಟ್ಟನ್ನು ಬರೀ 33 ಮೀಟರ್. ಆಡಳಿತ ಮಂಡಳಿಯವರು ಒಪ್ಪುವುದಾದರೆ ಅದನ್ನು ಕಿತ್ತು ಹಳದಿಯದನ್ನೇ ಹಾಕಿಸುವುದು ವಿವೇಕ.

ಪ್ರಶ್ನೆ: ಸಂಪರ್ಕ ಕೊಡಲು ಬಂದ ತಂತ್ರಜ್ಞರು ಸ್ಪ್ಲೈಸಿಂಗ್ ಯಂತ್ರ ತರದೆ, ಕೈಯಲ್ಲೇ ಕನೆಕ್ಟರ್ ಹಾಕಿ ಹೋದರು. ಅದು ಹೊರಗಿನ ಗೋಡೆಯ ಪೆಟ್ಟಿಗೆಯಲ್ಲಿದೆ. ಕೆಲವು ತಿಂಗಳುಗಳ ನಂತರ ಸಿಗ್ನಲ್ ಕುಸಿಯತೊಡಗಿತು. (ಓದುಗರು, ಕುಂದಾಪುರ)

ಉತ್ತರ: ಅದು ಫಾಸ್ಟ್ ಕನೆಕ್ಟರ್. ಅದರೊಳಗೆ ಕಾರ್ಖಾನೆಯಲ್ಲೇ ಕೂರಿಸಿದ ಒಂದು ತುಂಡು ಎಳೆ ಇರುತ್ತದೆ. ನಿಮ್ಮ ಮನೆಯ ಎಳೆಯನ್ನು ಕತ್ತರಿಸಿ ಅದಕ್ಕೆ ಎದುರು ಒತ್ತಿ, ನಡುವಿನ ಸಂದಿನಲ್ಲಿ ಗಾಜಿನಷ್ಟೇ ವಕ್ರೀಭವನವುಳ್ಳ ಜೆಲ್ ತುಂಬಿರುವಂತೆ ಮಾಡಿರುತ್ತಾರೆ. ಮನೆಯೊಳಗೆ ಅದು ವರ್ಷಗಟ್ಟಲೆ ಕೆಲಸ ಮಾಡಬಹುದು. ಹೊರಗೋಡೆಯ ಬಿಸಿಲು, ಕರಾವಳಿಯ ತೇವಾಂಶ, ಗಾಳಿಗೆ ಕೇಬಲ್ ಜಗ್ಗುವುದು, ಇವುಗಳಿಂದ ಎಳೆ ಕೂದಲೆಳೆಯಷ್ಟು ಜರುಗಿದರೂ ಜೋಡಣೆ ಕೆಡುತ್ತದೆ. ಎಳೆಗಳನ್ನು ಕರಗಿಸಿ ಬೆಸೆಯುವ ಸ್ಪ್ಲೈಸಿಂಗ್‌ನಲ್ಲಿ ನಷ್ಟ 0.1 ಡೆಸಿಬೆಲ್ ದಾಟುವುದು ಅಪರೂಪ, ಮತ್ತು ಅಲ್ಲಿ ಜರುಗಲು ಏನೂ ಉಳಿದಿರುವುದಿಲ್ಲ. ಪಿಗ್‌ಟೇಲ್ (ಒಂದು ತುದಿಗೆ ಕಾರ್ಖಾನೆಯಲ್ಲೇ ಕನೆಕ್ಟರ್ ಹಾಕಿದ ಗಿಡ್ಡ ಎಳೆ) ಬೆಸೆದುಕೊಡಿ ಎಂದು ಕೇಳಿ.

ಪ್ರಶ್ನೆ: ಕನೆಕ್ಟರಿನ ತುದಿಯನ್ನು ಮನೆಯಲ್ಲಿ ಶುಚಿಗೊಳಿಸುವುದು ಹೇಗೆ? ಸ್ಯಾನಿಟೈಸರ್ ಹಾಕಬಹುದೇ? (ಓದುಗರು, ಕಲಬುರಗಿ)

ಉತ್ತರ: ಬೇಡ. ಸ್ಯಾನಿಟೈಸರಿನಲ್ಲಿ ನೀರು ಮತ್ತು ಗ್ಲಿಸರಿನ್ ಇರುವುದರಿಂದ ಒಣಗಿದ ಮೇಲೆ ಪೊರೆ ಉಳಿಯುತ್ತದೆ. ಅಂಗಿಯ ಚುಂಗಿನಿಂದ ಒರೆಸುವುದು, ಬಾಯಿಂದ ಊದುವುದು ಇವೂ ಬೇಡ. 9 ಮೈಕ್ರಾನ್ ಕೋರಿನ ಮೇಲೆ ಕಣ್ಣಿಗೆ ಕಾಣದ ಒಂದು ಧೂಳಿನ ಕಣ ಕೂತರೂ ದಾರಿ ಅರ್ಧ ಮುಚ್ಚಬಹುದು. ಆ ಕಣವನ್ನು ಹಾಗೆಯೇ ಬಿಟ್ಟು ಕನೆಕ್ಟರ್ ಒತ್ತಿದರೆ ಅದು ಗಾಜಿನಲ್ಲಿ ಕುಳಿ ಮಾಡುತ್ತದೆ, ಆಮೇಲೆ ಎಷ್ಟು ಒರೆಸಿದರೂ ಪ್ರಯೋಜನವಿಲ್ಲ. ಒನ್ ಕ್ಲಿಕ್ ಕ್ಲೀನರ್ ಎಂಬ ಪೆನ್ನಿನಂಥ ಸಾಧನ ಸಿಗುತ್ತದೆ. ಎಸ್‌ಸಿಗೆ 2.5 ಮಿಲಿಮೀಟರಿನದು, ಅದಕ್ಕಿಂತ ಚಿಕ್ಕ ಮಾದರಿಯ ಕನೆಕ್ಟರಾದ ಎಲ್‌ಸಿಗೆ 1.25 ಮಿಲಿಮೀಟರಿನದು. ಅಡಾಪ್ಟರ್ ಒಳಗೆ ಕೂತಿರುವ ಎದುರು ತುದಿಯನ್ನೂ ಅದರಿಂದ ಶುಚಿ ಮಾಡಬಹುದು, ಹೆಚ್ಚಿನವರು ಮರೆಯುವುದು ಅದನ್ನೇ. ಜಾಲ ಕೈಕೊಟ್ಟಾಗ ಹೊಸ ರೂಟರ್ ಕೊಳ್ಳುವವರಿಗೆ ನಾನು ಹೇಳುವುದಿಷ್ಟೇ: ಮೊದಲು ಈ ಪೆನ್ನು ಕೊಳ್ಳಿ.

ಬೆಳಕು ಬರುತ್ತಿದೆಯೇ ಎಂದು ಕನೆಕ್ಟರಿನ ತುದಿಗೆ ಕಣ್ಣಿಟ್ಟು ನೋಡಬೇಡಿ. 1310, 1490, 1550 ನ್ಯಾನೋಮೀಟರಿನ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ. ಕೇಬಲ್ ಟಿವಿಯ ಆಂಪ್ಲಿಫೈಯರ್ ಬಳಿಯಂತೂ 20 ಡಿಬಿಎಂ, ಅಂದರೆ 100 ಮಿಲಿವಾಟ್ ಮೀರಿದ 1550 ನ್ಯಾನೋಮೀಟರ್ ಬೆಳಕು ಇರಬಹುದು. ಅದು ಕಾಣದೆಯೇ ಕಣ್ಣಿಗೆ ಹಾನಿ ಮಾಡಬಲ್ಲದು. ಎಳೆ ಕತ್ತರಿಸಿದಾಗ ಉದುರುವ ಗಾಜಿನ ಚೂರುಗಳನ್ನು ಕೈಯಲ್ಲಿ ಗುಡಿಸದೆ ಅಂಟು ಟೇಪಿಗೆ ಹತ್ತಿಸಿ ಮುಚ್ಚಳದ ಡಬ್ಬಿಗೆ ಹಾಕಿ.

ಪ್ರಶ್ನೆ: ಟಿವಿಯಿಂದ ಸೌಂಡ್‌ಬಾರಿಗೆ ಹೋಗುವ ಆಪ್ಟಿಕಲ್ ಕೇಬಲ್ ಗಿಡ್ಡವಾಯಿತು. ಇನ್ನೊಂದು ಕೇಬಲ್ ಸೇರಿಸಿ ಉದ್ದ ಮಾಡಬಹುದೇ? ಅದೇ ಧ್ವನಿಯನ್ನು ಆಂಪ್ಲಿಫೈಯರಿಗೂ ಕೊಡುವ ಆಸೆಯಿದೆ. (ಓದುಗರು, ಮೈಸೂರು)

ಉತ್ತರ: ನಿಮ್ಮದು ಟಾಸ್‌ಲಿಂಕ್, 1983ರಲ್ಲಿ ತೋಶಿಬಾ ಕಂಪನಿ ತಂದ ವ್ಯವಸ್ಥೆ. ಅದರ ಎಳೆ ಗಾಜಲ್ಲ, ಸುಮಾರು 1 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್. ಬೆಳಕು ಕಣ್ಣಿಗೆ ಕಾಣುವ ಕೆಂಪು. ಕೋರ್ ಇಷ್ಟು ದಪ್ಪವಾಗಿರುವುದರಿಂದ ಜೋಡಣೆಯಲ್ಲಿ ಮೇಲೆ ಹೇಳಿದ ನಾಜೂಕು ಬೇಕಿಲ್ಲ, ಟಾಸ್‌ಲಿಂಕ್ ಕಪ್ಲರ್ ಹಾಕಿ ಎರಡು ಕೇಬಲ್ ಕೂಡಿಸಬಹುದು. ಆದರೆ ಪ್ಲಾಸ್ಟಿಕ್ಕಿನಲ್ಲಿ ಬೆಳಕು ಬೇಗ ಕುಗ್ಗುವುದರಿಂದ ಒಟ್ಟು ಉದ್ದ 5 ಮೀಟರಿನ ಒಳಗಿದ್ದರೆ ಕ್ಷೇಮ, ಮತ್ತು ಸಾಧ್ಯವಿದ್ದಲ್ಲಿ ಒಂದೇ ಉದ್ದನೆಯ ಕೇಬಲ್ ಕೊಳ್ಳುವುದು ಇನ್ನೂ ಕ್ಷೇಮ. ಧ್ವನಿಯನ್ನು ಎರಡು ಕಡೆಗೆ ಕೊಡಲು ವಿದ್ಯುತ್ ಅಡಾಪ್ಟರ್ ಇರುವ ಸ್ಪ್ಲಿಟರ್ ತನ್ನಿ. ವಿದ್ಯುತ್ ಇಲ್ಲದ ಅಗ್ಗದ ಸ್ಪ್ಲಿಟರ್ ಬೆಳಕನ್ನು ಅರ್ಧರ್ಧ ಮಾಡುವುದರಿಂದ ಧ್ವನಿ ತುಂಡುತುಂಡಾಗಬಹುದು. ಇದು ಒಂದೇ ದಿಕ್ಕಿನ ಸಾಧನವಾದ್ದರಿಂದ ಎರಡು ಟಿವಿಗಳನ್ನು ಒಂದು ಸೌಂಡ್‌ಬಾರಿಗೆ ಸೇರಿಸಲು ಇದನ್ನು ತಿರುಗಿಸಿ ಹಾಕಿದರೆ ಪ್ರಯೋಜನವಿಲ್ಲ; ಅದಕ್ಕೆ ಆಯ್ದುಕೊಳ್ಳುವ ಸ್ವಿಚ್ ಬೇಕು. ಹೊಸ ಕೇಬಲ್ ಹಾಕಿದ ಮೇಲೆ ಧ್ವನಿಯೇ ಬರದಿದ್ದರೆ, ತುದಿಗಳಿಗೆ ತೊಡಿಸಿ ಕಳಿಸುವ ಪಾರದರ್ಶಕ ಪ್ಲಾಸ್ಟಿಕ್ ಟೋಪಿಯನ್ನು ಎರಡೂ ಕಡೆ ತೆಗೆದಿದ್ದೀರಾ ಎಂದು ನೋಡಿ.